ನಂದಿ ಬೆಟ್ಟ, ಕೋಟೆಯಿಂದ ಕುಟುಂಬದ ಬುತ್ತಿಯವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಟ್ಟದ ತಪ್ಪಲಿನ ಹಳ್ಳಿಯವನು. ನಮ್ಮಜ್ಜಿ ಅದನ್ನು ಒಂದು ದಿನವೂ 'ನಂದಿ ಹಿಲ್ಸ್' ಅಂದವರಲ್ಲ. ಅವರ ಬಾಯಲ್ಲಿ ಅದು ಬರೀ 'ದುರ್ಗ'. "ದುರ್ಗದ ಮೇಲೆ ಮೋಡ ಕೂತಿದೆ, ರಾಗಿ ಒಳಗೆ ಹಾಕ್ರೋ" ಅಂತ ಕೂಗುತ್ತಿದ್ದರು. ನೆಂಟರು, ಬಸ್ಸಿನಲ್ಲಿ ಪಕ್ಕ ಕೂತವರು, ಪತ್ರ ಬರೆದವರು, ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ಮೇಷ್ಟ್ರುಗಳು ವರ್ಷಗಳಿಂದ ಕೇಳುತ್ತ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ.

## ಮೊದಲ ಸಲ ಬರುವವರು ಕೇಳುವುದು

ನಂದಿ ಬೆಟ್ಟ ಬೆಂಗಳೂರಿಗೆ ಸೇರಿದ್ದಾ, ಕೋಲಾರಕ್ಕಾ, ಚಿಕ್ಕಬಳ್ಳಾಪುರಕ್ಕಾ?

ಚಿಕ್ಕಬಳ್ಳಾಪುರಕ್ಕೆ. ಆ ಪಟ್ಟಣದಿಂದ ಹತ್ತು ಕಿಲೋಮೀಟರಿನ ಆಸುಪಾಸು, ಬೆಂಗಳೂರಿನಿಂದ ಸುಮಾರು 60. ಹಳೆಯ ಪುಸ್ತಕದಲ್ಲೋ ಅಪ್ಪನ ಶಾಲೆಯ ಸರ್ಟಿಫಿಕೇಟಿನಲ್ಲೋ 'ಕೋಲಾರ ಜಿಲ್ಲೆ' ಅಂತ ಇದ್ದರೆ ಅದೂ ತಪ್ಪಲ್ಲ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಸಮುದ್ರ ಮಟ್ಟದಿಂದ ಎತ್ತರ 1478 ಮೀಟರ್.

ಸೂರ್ಯೋದಯ ನೋಡೋಕೆ ರಾತ್ರಿ ಎಷ್ಟು ಗಂಟೆಗೆ ಹೊರಡಬೇಕು?

ಇಷ್ಟು ಸಲ ಕೇಳಿಸಿಕೊಂಡ ಪ್ರಶ್ನೆ ಇನ್ನೊಂದಿಲ್ಲ. ಗೇಟು ತೆರೆಯುವ ಹೊತ್ತು, ವಾರಾಂತ್ಯದ ನಿಯಮ, ವಾಹನಗಳ ಮಿತಿ ಎಲ್ಲವೂ ಆಗಾಗ ಬದಲಾಗುತ್ತವೆ. ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳಿ. ಅಕ್ಟೋಬರಿನಿಂದ ಜನವರಿವರೆಗೆ ಮಂಜು ದಟ್ಟವಾಗಿರುತ್ತದೆ. ಅದೃಷ್ಟವಿದ್ದರೆ ಮೋಡ ನಿಮ್ಮ ಕಾಲ ಕೆಳಗೆ ಹಾಲಿನ ಕೆರೆಯ ಹಾಗೆ ಹರಡಿರುತ್ತದೆ. ಇಲ್ಲದಿದ್ದರೆ ಹತ್ತು ಅಡಿ ದೂರದ ಮರವೂ ಕಾಣುವುದಿಲ್ಲ, ಸೂರ್ಯ ಎಂಟು ಗಂಟೆಗೆ ಸದ್ದಿಲ್ಲದೆ ಮೇಲೆ ಬಂದಿರುತ್ತಾನೆ.

ನನ್ನ ಸಲಹೆ ಕೇಳಿದರೆ, ಭಾನುವಾರದ ಸೂರ್ಯೋದಯ ಬಿಡಿ. ಬುಧವಾರವೋ ಗುರುವಾರವೋ ಹತ್ತು ಗಂಟೆಗೆ ಬನ್ನಿ. ಐದು ಗಂಟೆಯ ಕತ್ತಲಲ್ಲಿ ಸಾಲುಗಟ್ಟಿ ನಿಂತ ಕಾರುಗಳ ಹೊಗೆ ಕುಡಿಯುವುದಕ್ಕಿಂತ, ಮರದ ನೆರಳಿನಲ್ಲಿ ಒಂದು ಮಧ್ಯಾಹ್ನ ಕಳೆದರೆ ಬೆಟ್ಟ ಹೆಚ್ಚು ನಿಮ್ಮದಾಗುತ್ತದೆ.

ನಮ್ಮ ಹತ್ರ ಕಾರಿಲ್ಲ. ಮಕ್ಕಳು, ವಯಸ್ಸಾದವರು ಎಲ್ಲ ಇದ್ದಾರೆ. ಹೇಗೆ ಬರೋದು?

ಬೆಂಗಳೂರಿನಿಂದಲೂ ಚಿಕ್ಕಬಳ್ಳಾಪುರದಿಂದಲೂ ಸಾರಿಗೆ ಬಸ್ಸುಗಳಿವೆ, ಆದರೆ ಎಣಿಕೆಯವು. ಬರುವ ಬಸ್ಸಿನ ಹೊತ್ತಿಗಿಂತ ವಾಪಸು ಹೋಗುವ ಬಸ್ಸಿನ ಹೊತ್ತನ್ನು ಮೊದಲು ಕೇಳಿಟ್ಟುಕೊಳ್ಳಿ. ಕೋಲಾರದವರಿಗೆ ಶಿಡ್ಲಘಟ್ಟದ ದಾರಿ, ತುಮಕೂರಿನವರಿಗೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ದಾರಿ ಹತ್ತಿರ.

ರೈಲೂ ಇದೆ. ಬೆಂಗಳೂರು–ಚಿಕ್ಕಬಳ್ಳಾಪುರ ಮಾರ್ಗದಲ್ಲಿ ನಂದಿ ಹಾಲ್ಟ್ ಅಂತ ಪುಟ್ಟ ಕಲ್ಲಿನ ನಿಲ್ದಾಣ. ನೂರು ವರ್ಷದ ಹಿಂದೆ ಇಲ್ಲಿ ಓಡುತ್ತಿದ್ದದ್ದು ನ್ಯಾರೋ ಗೇಜ್ ಗಾಡಿ. ರೈಲಿನಲ್ಲಿ ಬಂದವರು ನಂದಿ ಗ್ರಾಮದ ದೇವಸ್ಥಾನ ನೋಡಿಕೊಂಡು, ಸುಲ್ತಾನ್‌ಪೇಟೆಯ ಕಡೆಯಿಂದ ಮೆಟ್ಟಿಲು ಹತ್ತಬಹುದು. ಸುಮಾರು 1175 ಮೆಟ್ಟಿಲು. ಮಂಡಿ ನೋವಿರುವವರನ್ನು ಹತ್ತಿಸಬೇಡಿ, ಇಳಿಯುವಾಗ ಇನ್ನೂ ಕಷ್ಟ. ಹದಿನೈದು ವರ್ಷದ ಮಕ್ಕಳನ್ನು ಮಾತ್ರ ಹತ್ತಿಸಲೇಬೇಕು. ಕೋಟೆ ಎಂದರೆ ಏನು ಅಂತ ಕಾಲಿಗೆ ಗೊತ್ತಾಗುವುದು ಆ ದಾರಿಯಲ್ಲಿ.

ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಬಹುದಾ? ಕೋತಿ ಕಾಟ ಜಾಸ್ತಿನಾ?

ಕಟ್ಟಿಕೊಂಡು ಬನ್ನಿ. ಚಿತ್ರಾನ್ನ, ಮೊಸರನ್ನ, ಹುರಿದ ಕಡಲೆಕಾಯಿ ಈ ಬೆಟ್ಟದ ಹಳೆಯ ಊಟ. ಆದರೆ ಸ್ಟೀಲ್ ಡಬ್ಬಿಯಲ್ಲಿ ತನ್ನಿ. ಪ್ಲಾಸ್ಟಿಕ್ ಕವರಿನ ಸರಸರ ಸದ್ದು ಕೇಳಿದರೆ ಸಾಕು, ಕೋತಿ ಎಲ್ಲಿದ್ದರೂ ಬರುತ್ತದೆ. ಕೈಯಲ್ಲಿ ತಿಂಡಿ ಹಿಡಿದು ಓಡಾಡಬೇಡಿ, ಅವುಗಳ ಕಣ್ಣಲ್ಲಿ ಕಣ್ಣಿಟ್ಟು ಹಲ್ಲು ತೋರಿಸಬೇಡಿ, ಮುಖ್ಯವಾಗಿ ನೀವಾಗಿ ಏನನ್ನೂ ಕೊಡಬೇಡಿ. ಕೋತಿಗಳಿಗೆ ಕಸಿಯುವುದನ್ನು ಕಲಿಸಿದ್ದು ನಾವೇ. ಬೆಟ್ಟದ ಕಾಡಿನಲ್ಲಿ ಅತ್ತಿ, ನೇರಳೆ, ಚಿಗುರು ತಿಂದು ಬದುಕುವ ಪ್ರಾಣಿ ಅದು.

ಅಡುಗೆ ಮಾಡಿಕೊಳ್ಳಲಾಗದವರಿಗೆ ಪ್ರವಾಸೋದ್ಯಮ ನಿಗಮದ ಮಯೂರ ಪೈನ್ ಟಾಪ್ ಹೋಟೆಲಿದೆ, ಸಣ್ಣ ತಿಂಡಿ ಅಂಗಡಿಗಳೂ ಇವೆ.

ಒಂದೇ ದಿನ ಇದೆ. ಏನು ನೋಡಬೇಕು, ಏನು ಬಿಡಬಹುದು?

ಕೆಳಗಿನ ಭೋಗನಂದೀಶ್ವರ ದೇವಸ್ಥಾನವನ್ನು ಬಿಡಬೇಡಿ. ಬೆಟ್ಟಕ್ಕೆ ಬರುವವರಲ್ಲಿ ಎಷ್ಟೋ ಜನ ಅದರ ಪಕ್ಕದಲ್ಲೇ ಹಾದು ಹೋಗುತ್ತಾರೆ, ನನಗೆ ಪ್ರತಿಸಲವೂ ಸಂಕಟವಾಗುತ್ತದೆ. ಒಂಬತ್ತನೇ ಶತಮಾನದಲ್ಲಿ ಶುರುವಾದ ಗುಡಿ. ನೊಳಂಬರು, ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬೊಬ್ಬರೂ ಒಂದೊಂದು ಕಾಲದಲ್ಲಿ ಕೈ ಹಚ್ಚಿದ್ದಾರೆ. ಅರುಣಾಚಲೇಶ್ವರ, ಭೋಗನಂದೀಶ್ವರ ಎಂಬ ಎರಡು ಗುಡಿಗಳು ಜೋಡಿಯಾಗಿ ನಿಂತಿವೆ, ನಡುವೆ ಉಮಾಮಹೇಶ್ವರನ ಸನ್ನಿಧಿ. ಅದರ ಮುಂದಿನ ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳಲ್ಲಿ ಬಳ್ಳಿ, ಹಕ್ಕಿ ಎಷ್ಟು ಸಣ್ಣದಾಗಿ ಕೆತ್ತಿದ್ದಾರೆಂದರೆ ಬೆರಳಿಟ್ಟು ನೋಡಬೇಕು ಅನ್ನಿಸುತ್ತದೆ. ಆದರೆ ಮುಟ್ಟಬೇಡಿ. ಆಮೇಲೆ ಶೃಂಗಿ ತೀರ್ಥದ ಕಲ್ಯಾಣಿಯ ಮೆಟ್ಟಿಲ ಮೇಲೆ ಹತ್ತು ನಿಮಿಷ ಸುಮ್ಮನೆ ಕೂರಿ.

ಹಿರಿಯರು ಹೀಗೆ ಹೇಳುತ್ತಾರೆ: ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ಎಲ್ಲ ಬಿಟ್ಟ ಮೇಲಿನ ಸ್ಥಿತಿ. ಶಿವರಾತ್ರಿಯ ಜಾತ್ರೆ, ತೇರು ಎಲ್ಲ ಕೆಳಗಿನ ನಂದಿಯಲ್ಲಿ. ಮೇಲಿನವನು ಯೋಗಿ, ಅವನಿಗೆ ಗಲಾಟೆ ಬೇಡ.

ಸಮಯ ಮಿಕ್ಕಿದರೆ ಮುದ್ದೇನಹಳ್ಳಿಗೆ ಹೋಗಿ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು, ಅವರ ಸಮಾಧಿಯೂ ಅಲ್ಲೇ ಇದೆ. ಬೆಟ್ಟದ ಮೇಲಿನ ಸೆಲ್ಫಿ ಜಾಗಗಳನ್ನು ಬಿಡಬಹುದು.

## ಕೋಟೆಯ ಕಾಲ

ಮೇಲಿರೋ ಬಸವಣ್ಣನ ವಿಗ್ರಹದಿಂದಲೇ ನಂದಿ ಅನ್ನೋ ಹೆಸರು ಬಂತಾ?

ಬೆಟ್ಟವೇ ಮಲಗಿದ ಬಸವನ ಹಾಗೆ ಕಾಣುತ್ತದೆ ಅನ್ನುವವರೂ ಇದ್ದಾರೆ. ದೇವನಹಳ್ಳಿ ಕಡೆಯಿಂದ ಬರುವಾಗ ನನಗೂ ಹಾಗೆ ಕಂಡಿದೆ. ಆದರೆ ಹೆಸರು ನಾವಂದುಕೊಂಡದ್ದಕ್ಕಿಂತ ಹಳೆಯದು. ತಲಕಾಡಿನ ಗಂಗರು ತಮ್ಮನ್ನು 'ಕುವಳಾಲಪುರವರೇಶ್ವರ, ನಂದಗಿರಿನಾಥ' ಎಂದು ಶಾಸನಗಳಲ್ಲಿ ಕರೆದುಕೊಂಡಿದ್ದಾರೆ. ಕುವಳಾಲ ಎಂದರೆ ಇಂದಿನ ಕೋಲಾರ, ನಂದಗಿರಿ ಎಂದರೆ ಈ ಬೆಟ್ಟ. ರಾಜಧಾನಿ ತಲಕಾಡಿಗೆ ಹೋದ ಮೇಲೂ ಗಂಗರು ಈ ಎರಡು ಹೆಸರನ್ನು ಬಿರುದಿನಿಂದ ಬಿಡಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಮಕ್ಕಳಿಗೆ ಇದನ್ನು ಪಾಠದಲ್ಲಿ ಗಟ್ಟಿಯಾಗಿ ಹೇಳಬೇಕು. ಆನಂದಗಿರಿ, ಕೂಷ್ಮಾಂಡಗಿರಿ ಎಂಬ ಹೆಸರುಗಳೂ ಬಳಕೆಯಲ್ಲಿದ್ದವು. ಕೋಟೆ ಬಂದ ಮೇಲೆ ನಂದಿದುರ್ಗ, ಇಂಗ್ಲಿಷರ ಬಾಯಲ್ಲಿ ಅದೇ 'ನಂಡಿಡ್ರೂಗ್'.

ಕೋಟೆ ಕಟ್ಟಿಸಿದ್ದು ಟಿಪ್ಪು ಸುಲ್ತಾನನೇ ಅಲ್ವಾ?

ಇಂದು ಕಾಣುವ ದಪ್ಪ ಕಲ್ಲಿನ ಗೋಡೆ, ಬುರುಜುಗಳಲ್ಲಿ ಹೆಚ್ಚಿನದು ಹೈದರಾಲಿ ಮತ್ತು ಟಿಪ್ಪುವಿನ ಕಾಲದ್ದು. ಅದಕ್ಕೂ ಮುಂಚೆ ಚಿಕ್ಕಬಳ್ಳಾಪುರದ ಪಾಳೇಗಾರರು ಇಲ್ಲಿ ಕೋಟೆ ಮಾಡಿಕೊಂಡಿದ್ದರು. ಆವತಿ ಮನೆತನದ ಮಲ್ಲಬೈರೇಗೌಡ ಹದಿನೈದನೇ ಶತಮಾನದಲ್ಲಿ ಚಿಕ್ಕಬಳ್ಳಾಪುರ ಕಟ್ಟಿದ, ಅವನ ವಂಶದವರಿಗೆ ಕಷ್ಟಕಾಲದಲ್ಲಿ ಅಡಗುವ ಜಾಗ ಈ ದುರ್ಗ. ಕೆಳಗೆ ಊರು, ಹೊಲ, ಸಂತೆ, ಶತ್ರು ಬಂದರೆ ಮೇಲೆ ಬೆಟ್ಟ: ಬಯಲುಸೀಮೆಯ ಪಾಳೇಪಟ್ಟುಗಳೆಲ್ಲ ಬದುಕಿದ್ದು ಹೀಗೆ.

ಟಿಪ್ಪುವಿನ ಬೇಸಿಗೆಯ ಮನೆ ಅಮೃತ ಸರೋವರದ ಹತ್ತಿರ ಇದೆ. ಅರಮನೆ ಅಂದುಕೊಂಡು ಬಂದವರಿಗೆ ನಿರಾಸೆಯಾಗುತ್ತದೆ, ಅಷ್ಟು ಸರಳ. ಒಳಗೆ ಸಾಮಾನ್ಯವಾಗಿ ಬಿಡುವುದಿಲ್ಲ. ನನಗೆ ಮಾತ್ರ ಆ ಸರಳತೆಯೇ ಇಷ್ಟ. ಬಿಸಿಲಿನಿಂದ ತಪ್ಪಿಸಿಕೊಂಡು ನೀರಿನ ಪಕ್ಕ ಕೂರುವುದಕ್ಕೆ ಒಬ್ಬ ದೊರೆಗೆ ಅಷ್ಟು ಸಾಕಾಗಿತ್ತು.

1791ರ ಯುದ್ಧದಲ್ಲಿ ಇಷ್ಟು ಎತ್ತರದ ಕೋಟೆ ಹೇಗೆ ಬಿತ್ತು?

ಅದು ಟಿಪ್ಪುವಿಗೂ ಇಂಗ್ಲಿಷರಿಗೂ ನಡೆದ ಮೂರನೇ ಮೈಸೂರು ಯುದ್ಧ. ಬೆಂಗಳೂರು ಕೋಟೆ ಅದೇ ವರ್ಷ ಮಾರ್ಚಿನಲ್ಲಿ ಕಾರ್ನ್‌ವಾಲಿಸ್ ಕೈಗೆ ಹೋಗಿತ್ತು. ಶ್ರೀರಂಗಪಟ್ಟಣದ ಕಡೆ ಎರಡನೇ ಸಲ ನುಗ್ಗುವ ಮೊದಲು ಬೆನ್ನ ಹಿಂದಿನ ದುರ್ಗಗಳನ್ನು ತೆಗೆದುಕೊಳ್ಳದೆ ವಿಧಿ ಇರಲಿಲ್ಲ. ನಂದಿದುರ್ಗಕ್ಕೆ ಮೇಜರ್ ಗೌಡಿ ಸೆಪ್ಟೆಂಬರಿನಲ್ಲಿ ಮುತ್ತಿಗೆ ಹಾಕಿದ. ಮೂರು ಕಡೆ ಕಡಿದಾದ ಬಂಡೆ, ಒಂದು ಕಡೆ ಮಾತ್ರ ಹತ್ತಬಹುದಾದ ಇಳಿಜಾರು. ಅಲ್ಲೂ ಜೋಡಿ ಗೋಡೆ. ಆ ಇಳಿಜಾರಿನಲ್ಲಿ ದಾರಿ ಕಡಿದು, ಆನೆಗಳ ಬಲದಿಂದ ಫಿರಂಗಿಗಳನ್ನು ಮೇಲಕ್ಕೆ ಎಳೆಸಿದರು. ಮುತ್ತಿಗೆ ಸುಮಾರು ಮೂರು ವಾರ ನಡೆದ ಮೇಲೆ ಗೋಡೆ ಒಡೆಯಿತು. ಅಕ್ಟೋಬರ್ 18ರ ರಾತ್ರಿ, ತಡವಾಗಿ ಚಂದ್ರ ಮೂಡಿದ ಮೇಲೆ, ಜನರಲ್ ಮೆಡೋಸ್ ಸಮ್ಮುಖದಲ್ಲಿ ಲಗ್ಗೆ ನಡೆಯಿತು. 19ರ ಬೆಳಗ್ಗೆ ಹೊತ್ತಿಗೆ ದುರ್ಗ ಅವರದಾಗಿತ್ತು.

ಕೋಟೆಯ ಮೇಲಿದ್ದವರು ಲಗ್ಗೆ ಇಡುವವರ ಮೇಲೆ ದೊಡ್ಡ ದೊಡ್ಡ ಬಂಡೆಗಳನ್ನು ಉರುಳಿಸಿದ್ದರು. ಇವತ್ತು ಆ ಇಳಿಜಾರಿನಲ್ಲಿ ಪೊದೆಗಳ ನಡುವೆ ಬಿದ್ದಿರುವ ಗುಂಡುಗಳನ್ನು ನೋಡಿದಾಗ ನನಗೆ ಆ ರಾತ್ರಿಯೇ ಕಣ್ಣಿಗೆ ಕಟ್ಟುತ್ತದೆ.

ಟಿಪ್ಪು ಡ್ರಾಪ್‌ನಿಂದ ಕೈದಿಗಳನ್ನು ತಳ್ಳುತ್ತಿದ್ದರಂತೆ, ನಿಜವಾ?

ಊರಿನವರೂ ಗೈಡುಗಳೂ ಹೇಳುವ ಕಥೆ ಅದು. ಸುಮಾರು 600 ಮೀಟರ್ ಆಳ ಎನ್ನುವ ಬಂಡೆಯ ಅಂಚು ನೋಡಿದರೆ ಯಾರಿಗಾದರೂ ಇಂಥ ಕಥೆ ಹುಟ್ಟುತ್ತದೆ. ಕಥೆಯನ್ನು ಕಥೆಯಾಗಿ ಕೇಳಿ. ಬೇಲಿ ಮಾತ್ರ ನಿಜ, ಅದನ್ನು ದಾಟಬೇಡಿ.

## ಗಾಳಿ ಬದಲಾವಣೆಗೆ ಬಂದವರು

ಬ್ರಿಟಿಷರಿಗೆ ಊಟಿ ಇದ್ದಾಗ ಈ ಬೆಟ್ಟ ಯಾಕೆ ಬೇಕಾಯ್ತು?

ಊಟಿ ದೂರ. ಬೆಂಗಳೂರಿನ ದಂಡಿನಲ್ಲಿ ಕೂತ ಅಧಿಕಾರಿಗೆ ಕುದುರೆಯ ಮೇಲೆ ಹೊರಟರೆ ಒಂದೆರಡು ದಿನದಲ್ಲಿ ಸಿಗುವ ತಂಪು ನಂದಿ. 1831ರಲ್ಲಿ ಮೈಸೂರಿನ ಆಡಳಿತ ಕಂಪನಿಯ ಕೈಗೆ ಹೋಯಿತು, 1834ರಲ್ಲಿ ಮಾರ್ಕ್ ಕಬ್ಬನ್ ಕಮಿಷನರ್ ಆದರು. 1861ರವರೆಗೆ ಆ ಕುರ್ಚಿಯಲ್ಲಿದ್ದ ಅವರಿಗೆ ಬೇಸಿಗೆ ಎಂದರೆ ನಂದಿ. ಅವರಿಗಾಗಿ ಇಲ್ಲಿ ಬಂಗಲೆ ಕಟ್ಟಿಸಿದ್ದು ಅವರ ಜೊತೆಗಿದ್ದ ಫ್ರಾನ್ಸಿಸ್ ಕನ್ನಿಂಗ್‌ಹ್ಯಾಮ್. ಕೊನೆಗೆ ಕಾಯಿಲೆಯಾಗಿ ಊರಿಗೆ ಹೊರಟ ಕಬ್ಬನ್ ದಾರಿಯಲ್ಲೇ, ಸೂಯೆಜ್‌ನಲ್ಲಿ ತೀರಿಕೊಂಡರು.

ಬೆಟ್ಟದ ಕಥೆ ತಿರುಗಿದ್ದು ಇಲ್ಲಿ. ಅಲ್ಲಿಯವರೆಗೆ ಎತ್ತರ ಎಂದರೆ ರಕ್ಷಣೆ. ಫಿರಂಗಿ ಇಟ್ಟ ಬುರುಜಿನ ಮೇಲೆ ಕುರ್ಚಿ ಹಾಕಿ ಗಾಳಿ ತೆಗೆದುಕೊಳ್ಳುವ ಕಾಲ ಬಂದಾಗ, ಕೋಟೆ ಗಿರಿಧಾಮವಾಯಿತು. ಬಂಗಲೆಯ ಸುತ್ತ ಹೂತೋಟ, ಹೂತೋಟಕ್ಕೆ ಮಾಲಿಗಳು, ಮಾಲಿಗಳ ಕೈಯಲ್ಲಿ ಹೊರದೇಶದ ಸಸಿಗಳು ಬಂದವು.

ಗಾಂಧೀಜಿ ನಂದಿಯಲ್ಲಿ ಎಷ್ಟು ದಿನ ಇದ್ದರು?

ಎರಡು ಸಲ ಬಂದಿದ್ದರು. ಮೊದಲನೆಯದು 1927. ಖಾದಿ ಪ್ರವಾಸದಲ್ಲಿ ಒಂದೇ ಸಮನೆ ಓಡಾಡಿ, ರಕ್ತದೊತ್ತಡ ಏರಿ ಮಾರ್ಚ್ ಕೊನೆಯಲ್ಲಿ ಕುಸಿದಿದ್ದರು. ವೈದ್ಯರು ತಂಪಾದ ಜಾಗದಲ್ಲಿ ವಿಶ್ರಾಂತಿ ಬೇಕೇ ಬೇಕು ಎಂದರು. ಏಪ್ರಿಲ್ ಮೂರನೇ ವಾರ ನಂದಿಗೆ ಬಂದು ಜೂನ್ ಮೊದಲ ವಾರದವರೆಗೆ, ಹತ್ತಿರ ಹತ್ತಿರ 45 ದಿನ ಇದ್ದರು. ಆಮೇಲೆ ಇಳಿದು ಬೆಂಗಳೂರಿನ ಕುಮಾರ ಪಾರ್ಕಿಗೆ ಹೋದರು. ಅವರ ಬರಹಗಳ ಸಂಪುಟಗಳಲ್ಲಿ ಆ ವಾರಗಳ ಪತ್ರಗಳ ತಲೆಯ ಮೇಲೆ 'ನಂದಿ' ಎಂಬ ಊರ ಹೆಸರಿದೆ. ವಿಶ್ರಾಂತಿ ಅಂದರೂ ಬರೆಯುವುದನ್ನು ಬಿಟ್ಟಿರಲಿಲ್ಲ.

ಎರಡನೆಯದು 1936ರ ಮೇ ತಿಂಗಳು, ಸರ್ದಾರ್ ಪಟೇಲರ ಜೊತೆ. ಆಗ ಸಿ.ವಿ. ರಾಮನ್ ಬೆಟ್ಟಕ್ಕೆ ಬಂದು ಗಾಂಧೀಜಿಯವರನ್ನು ಕಂಡು ಮಾತಾಡಿದರು. ಇಂದು ಇಲ್ಲಿನ ತಂಗುವ ಮನೆಗಳಿಗೆ ಗಾಂಧಿ ನಿಲಯ, ನೆಹರೂ ನಿಲಯ ಎಂಬ ಹೆಸರುಗಳಿವೆ. ಕಂಪನಿಯ ದೊರೆಗಳ ಬಂಗಲೆಗಳ ಬೆಟ್ಟಕ್ಕೆ ಕೊನೆಗೆ ಹೆಸರು ಕೊಟ್ಟವರು ಇವರು ಎಂಬುದು ನನಗೆ ಸಮಾಧಾನದ ಸಂಗತಿ.

ಹಾಗಾದ್ರೆ ನಮ್ಮಂಥ ಸಾಮಾನ್ಯರು ಯಾವಾಗಿಂದ ಬರೋಕೆ ಶುರು ಮಾಡಿದ್ದು?

ಒಂದು ದಿನ ಬೀಗ ತೆಗೆದು 'ಬನ್ನಿ' ಅಂದದ್ದಲ್ಲ. ದೇವರಿಗಾಗಿ ಜನ ಮೊದಲಿನಿಂದಲೂ ಹತ್ತುತ್ತಿದ್ದರು. ಕುಟುಂಬ ಸಮೇತ ಒಂದು ದಿನ ಕಳೆದು ಬರುವ ಜಾಗವಾಗಿ ಅದನ್ನು ಬೆಳೆಸಿದ್ದು ತೋಟಗಾರಿಕೆ ಇಲಾಖೆ. ಲಾಲ್‌ಬಾಗ್ ನೋಡಿಕೊಳ್ಳುವ ಇಲಾಖೆಯೇ ಬೆಟ್ಟದ ತೋಟಗಳನ್ನೂ ನೋಡಿಕೊಂಡಿತು. ಹುಲ್ಲುಹಾಸು, ಗುಲಾಬಿ, ಹೂವಿನ ಪಾತಿ, ಮಕ್ಕಳ ಜಾರುಬಂಡೆ, ಸಾಲು ಮರ, ಕಲ್ಲು ಬೆಂಚು ಎಲ್ಲ ಆ ಕೈಗಳದ್ದು. ಗಾಂಧೀಜಿ ಬಂದ ಕಾಲಕ್ಕೆ ಇಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಅಧಿಕಾರಿಗಳು, ಅನುಕೂಲಸ್ಥರು. ಬಸ್ಸು ಬಂದ ಮೇಲೆ ಉಳಿದವರೂ ಬಂದರು.

ನನ್ನ ನೆನಪಿನ ನಂದಿ ಆ ಬಸ್ಸಿನ ನಂದಿ. ವರ್ಷಕ್ಕೊಮ್ಮೆ, ಕೊಯ್ಲು ಮುಗಿದ ಮೇಲಿನ ಒಂದು ಭಾನುವಾರ. ಅಮ್ಮ ನಾಲ್ಕು ಗಂಟೆಗೆ ಎದ್ದು ಪುಳಿಯೋಗರೆ ಕಲಸುತ್ತಿದ್ದರು. ಕಾರಹಳ್ಳಿ ಕ್ರಾಸಿನಲ್ಲಿ ನಿಂತ ಬಸ್ಸಿಗೆ ಓಡುವುದು, ತಿರುವುಗಳಲ್ಲಿ ತಂಗಿಗೆ ವಾಂತಿ, ಮೇಲೆ ಜಮಖಾನ ಹಾಸಿ ದೊಡ್ಡವರೆಲ್ಲ ಮಲಗುವುದು. ದೊಡ್ಡವರು ಹಗಲು ಹೊತ್ತಿನಲ್ಲಿ ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅಲ್ಲಿ ಮಾತ್ರ. ರಜೆ ಅನ್ನುವ ಮಾತಿನ ಅರ್ಥ ನನಗೆ ಆ ಜಮಖಾನದ ಮೇಲೆ ಗೊತ್ತಾಯಿತು.

ದೊಡ್ಡ ಸಭೆಗಳೂ ನಡೆದಿವೆ. 1986ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಎರಡನೇ ಸಾರ್ಕ್ ಶೃಂಗಸಭೆ ಆದಾಗ ದಕ್ಷಿಣ ಏಷ್ಯಾದ ನಾಯಕರನ್ನು ಅನೌಪಚಾರಿಕ ಮಾತಿಗೆ ನಂದಿಗೇ ಕರೆತಂದರು. 2025ರ ಜುಲೈ 2ರಂದು ರಾಜ್ಯ ಸಚಿವ ಸಂಪುಟವೂ ಇಲ್ಲೇ ಸಭೆ ಸೇರಿತು.

## ಮರ, ನೀರು, ಹಕ್ಕಿ

ಬೆಟ್ಟದ ತುಂಬ ನೀಲಗಿರಿ ಮರ ಇದೆಯಲ್ಲ, ಇದು ಕಾಡಾ ಅಥವಾ ನೆಟ್ಟ ತೋಪಾ?

ಎರಡೂ ಕಲಸಿಕೊಂಡಿದೆ. ನನಗೆ ಕೇಳಿದವರಲ್ಲಿ ಈ ಪ್ರಶ್ನೆ ಕೇಳಿದವರು ಕಡಿಮೆ, ಆದರೆ ಬೆಟ್ಟದ ಚರಿತ್ರೆಯೆಲ್ಲ ಇದರಲ್ಲಿದೆ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಇಳಿಜಾರುಗಳಲ್ಲಿರುವುದು ಬಯಲುಸೀಮೆಯ ಒಣ ಕುರುಚಲು ಕಾಡು. ಬೆಟ್ಟದ ನೆತ್ತಿಯಲ್ಲಿ ಮಾತ್ರ ಮಂಜು, ಮೋಡದ ತೇವದಿಂದ ಹಸಿರು ಬೇರೆ ಥರ. ಕಾಂಡದ ಮೇಲೆ ಪಾಚಿ, ಜರಿಗಿಡ, ದಟ್ಟ ನೆರಳು. ಕೆಳಗೆ ಜಾಲಿ, ಮೇಲೆ ಮಲೆನಾಡಿನ ಒಂದು ತುಣುಕು. ಆ ನೆತ್ತಿಯ ಮರಗಳಲ್ಲಿ ಸಾಕಷ್ಟು ಮನುಷ್ಯರು ತಂದು ನೆಟ್ಟದ್ದೇ.

ನೀಲಗಿರಿಯ ಮಾತು ಕೇಳಿ. ಭಾರತಕ್ಕೆ ಆಸ್ಟ್ರೇಲಿಯಾ ಮೂಲದ ಈ ಮರ ಮೊದಲು ಬಂದದ್ದು ನಂದಿ ಬೆಟ್ಟಕ್ಕೆ, 1790ರ ಸುಮಾರಿಗೆ, ಟಿಪ್ಪುವಿನ ತೋಟಕ್ಕೆ ಎಂದು ಅರಣ್ಯಶಾಸ್ತ್ರದ ಪುಸ್ತಕಗಳು ಬರೆಯುತ್ತವೆ. ಹದಿನಾರು ಜಾತಿಯ ಬೀಜ ತರಿಸಿದ್ದ ಎಂಬ ಲೆಕ್ಕವನ್ನೂ ಕೊಡುತ್ತವೆ. ಉದಕಮಂಡಲದ ಕಡೆ ಬ್ರಿಟಿಷರು ಇದನ್ನು ಬೆಳೆಸಿದ್ದು 1840ರ ದಶಕದಲ್ಲಿ. ಅಲ್ಲಿ ಬೆಟ್ಟ ಬೆಟ್ಟವೇ ತುಂಬಿಹೋದದ್ದರಿಂದ ಕನ್ನಡದಲ್ಲಿ ಮರಕ್ಕೆ ಆ ಪರ್ವತದ ಹೆಸರು ನಿಂತಿತು. ಮೊದಲು ಬೇರು ಬಿಟ್ಟ ಜಾಗದ ಹೆಸರು ಉಳಿದಿದ್ದರೆ ನಾವು ಅದನ್ನು 'ನಂದಿ ಮರ' ಅನ್ನುತ್ತಿದ್ದೆವು.

ಇಲ್ಲಿನ ಹಳೆಯ ಮರಗಳು ಒಂದರೊಡನೊಂದು ಕೂಡಿ ಕೊಟ್ಟ ಬೀಜದಿಂದ ಬಂದ ತಳಿಯೇ 'ಮೈಸೂರು ಗಮ್'. ಕಡಿಮೆ ಮಳೆ ತಡೆಯುತ್ತದೆ, ದನ ತಿನ್ನುವುದಿಲ್ಲ, ಕಡಿದರೆ ಮತ್ತೆ ಚಿಗುರುತ್ತದೆ, ಕಾಗದದ ಕಾರ್ಖಾನೆ ಕೊಳ್ಳುತ್ತದೆ. ಅದಕ್ಕೇ ಇಪ್ಪತ್ತನೇ ಶತಮಾನದ ಎರಡನೇ ಅರ್ಧದಲ್ಲಿ ದೇಶದ ಎಷ್ಟೋ ಕಡೆ ಇದನ್ನೇ ನೆಟ್ಟರು. ಕೋಲಾರ ಜಿಲ್ಲೆಯಲ್ಲಂತೂ ಸಾಮಾಜಿಕ ಅರಣ್ಯದ ಹೆಸರಲ್ಲಿ ರಾಗಿ ಹೊಲಗಳೂ ನೀಲಗಿರಿ ತೋಪಾದವು. ಕೂಲಿ ಸಿಗದ, ಮಳೆ ನಂಬಲಾಗದ ರೈತ ಆ ಮರ ನೆಟ್ಟು ಪೇಟೆ ಸೇರಿದ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಆದರೆ ಹೊಲಕ್ಕೆ ಕೂಲಿ ಹೋಗುತ್ತಿದ್ದ ಹೆಂಗಸರ ಕೆಲಸ ಹೋಯಿತು, ಮನೆಯ ರಾಗಿ ಹೋಯಿತು, ಆಳಕ್ಕೆ ಬೇರು ಬಿಡುವ ಮರ ಮಣ್ಣಿನ ತೇವ ಹೀರಿತು. ತುಮಕೂರು ಜಿಲ್ಲೆಯ ರೈತರು 1983ರಲ್ಲಿ ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಒಬ್ಬ ದೊರೆಯ ತೋಟದ ಕುತೂಹಲ ಇನ್ನೂರು ವರ್ಷದ ಮೇಲೆ ಮೂರು ಜಿಲ್ಲೆಗಳ ಬೋರ್‌ವೆಲ್ಲಿನ ಪ್ರಶ್ನೆಯಾಯಿತು. ಬೆಟ್ಟದ ಮೇಲಿನ ಹಳೆಯ ನೀಲಗಿರಿ ಮರಗಳನ್ನು ಕಡಿಯಿರಿ ಎಂದು ಮಾತ್ರ ನಾನು ಹೇಳಲಾರೆ. ಅವು ತಪ್ಪು ಮಾಡಿಲ್ಲ, ಅವು ಈಗ ಚರಿತ್ರೆಯ ಸಾಕ್ಷಿ.

ಐದು ನದಿ ಹುಟ್ಟುತ್ತವೆ ಅಂತಾರೆ. ನಾವು ಹೋದಾಗ ಒಂದು ತೊರೆಯೂ ಕಾಣಲಿಲ್ಲ?

ನದಿಗಳು ಹುಟ್ಟುವುದು ನಂದಿ ಸಾಲಿನ ಬೆಟ್ಟಗಳಲ್ಲಿ, ಎಲ್ಲವೂ ಈ ಒಂದೇ ನೆತ್ತಿಯಲ್ಲಲ್ಲ. ಅರ್ಕಾವತಿ ನಂದಿಯದು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಚನ್ನಕೇಶವ ಬೆಟ್ಟದ ಕಡೆಯವು. ಚಿತ್ರಾವತಿ, ಪಾಪಾಗ್ನಿಯೂ ಇದೇ ಸೀಮೆಯ ಮಕ್ಕಳು. ಪಾಲಾರ್ ಇನ್ನೂ ಪೂರ್ವಕ್ಕೆ, ಕೋಲಾರದ ಸೀಮೆಯಲ್ಲಿ ಹುಟ್ಟುತ್ತದೆ. ಒಂದು ಕಡೆಗೆ ಬಿದ್ದ ಹನಿ ನೆಲ್ಲೂರಿನ ಹತ್ತಿರ ಸಮುದ್ರ ಸೇರಬೇಕು, ಇನ್ನೊಂದು ಕಡೆಗೆ ಬಿದ್ದದ್ದು ಕಡಲೂರಿನ ಹತ್ತಿರ, ಮತ್ತೊಂದು ಕಾವೇರಿಯನ್ನು ಕೂಡಬೇಕು.

ಇವು ಮೊದಲಿನಿಂದಲೂ ಮಳೆಗಾಲದ ನದಿಗಳು, ಸರಪಳಿ ಕೆರೆಗಳ ಮೂಲಕ ಬದುಕಿದವು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ರಾಜಕಾಲುವೆ ಮುಚ್ಚಿ, ಕೆರೆ ಅಂಗಳ ಒತ್ತಿ, ಸಾವಿರ ಅಡಿ ಬೋರ್ ಕೊರೆದ ಮೇಲೆ ನದಿ ಎಲ್ಲಿ ಕಾಣಬೇಕು? ಬೆಂಗಳೂರಿನವರು ತಿಳಿಯಬೇಕಾದದ್ದು ಇನ್ನೊಂದಿದೆ. ನಗರಕ್ಕೆ ಮೊದಲು ನಲ್ಲಿ ನೀರು ಕೊಟ್ಟ ಹೆಸರಘಟ್ಟವೂ, 1933ರ ತಿಪ್ಪಗೊಂಡನಹಳ್ಳಿಯೂ ಅರ್ಕಾವತಿಯವು. ಈಗ ದಿಕ್ಕು ತಿರುಗಿದೆ: ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ, ಕೋಲಾರಕ್ಕೆ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿಯಿಂದ, ಚಿಕ್ಕಬಳ್ಳಾಪುರಕ್ಕೆ ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿಯಿಂದ. ಪಶ್ಚಿಮ ಘಟ್ಟದ ಎತ್ತಿನಹೊಳೆಯ ನೀರಿಗೆ ಕಾಯುತ್ತಲೇ ಇದ್ದೇವೆ.

ಹಕ್ಕಿ ನೋಡುವವರು ಬೆಳಗ್ಗೆ ಬೆಳಗ್ಗೆ ಕ್ಯಾಮೆರಾ ಹಿಡಿದು ಬರ್ತಾರಲ್ಲ, ಇಲ್ಲಿ ಅಂಥದ್ದೇನಿದೆ?

ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಮಾತ್ರ ಇರುವ, ಅಳಿವಿನ ಭಯದಲ್ಲಿರುವ ಹಕ್ಕಿ. ಬಂಡೆಯನ್ನು ಕ್ವಾರಿ ಮಾಡಿದರೆ ಅದರ ಮನೆಯೇ ಹೋಯಿತು. ಪಶ್ಚಿಮ ಘಟ್ಟದ ನೀಲಗಿರಿ ಕಾಡು ಪಾರಿವಾಳವೂ ಘಟ್ಟದಿಂದ ಇಷ್ಟು ದೂರದ ಈ ನೆತ್ತಿಯಲ್ಲಿದೆ. ಚಳಿಗಾಲಕ್ಕೆ ಹಿಮಾಲಯದಿಂದ ಇಳಿದು ಬರುವ ಸಣ್ಣ ಹಕ್ಕಿಗಳು ತೋಟದ ತರಗೆಲೆಯಲ್ಲಿ ಹುಳ ಹೆಕ್ಕುತ್ತವೆ. ಹಾಗಾಗಿ ತರಗೆಲೆ ಗುಡಿಸಿ ಬೆಂಕಿ ಹಾಕುವುದು ಸ್ವಚ್ಛತೆಯಲ್ಲ. ಜೋರು ಸಂಗೀತವೂ ಬೇಡ.

## ಇನ್ನಷ್ಟು ಆಳಕ್ಕೆ ಇಳಿಯುವವರಿಗೆ

2021ರಲ್ಲಿ ಗುಡ್ಡ ಕುಸಿದದ್ದು ಯಾಕೆ? ಮತ್ತೆ ಆಗಬಹುದಾ?

ಆ ಆಗಸ್ಟ್ ಕೊನೆಯ ವಾರ ಒಂದು ರಾತ್ರಿ ಸುರಿದ ಮಳೆಗೆ ಪಕ್ಕದ ಬ್ರಹ್ಮಗಿರಿ ಬೆಟ್ಟದ ಕಡೆಯಿಂದ ಮಣ್ಣು, ಕಲ್ಲು, ಮರ ಎಲ್ಲ ಜಾರಿ ಬಂದು ಮೇಲಿನ ರಸ್ತೆಯನ್ನು ಕೊಚ್ಚಿಕೊಂಡು ಹೋಯಿತು. ಡಿಸೆಂಬರ್ ಮೊದಲ ದಿನದವರೆಗೆ ಬೆಟ್ಟ ಮುಚ್ಚಿತ್ತು. ಅಡಿಯಲ್ಲಿ ಗಟ್ಟಿ ಬಂಡೆ, ಮೇಲೆ ತೆಳು ಮಣ್ಣು. ನೀರು ಬಂಡೆಯೊಳಗೆ ಇಳಿಯದೆ ಅದರ ಮೇಲೇ ಹರಿದು ಮಣ್ಣನ್ನು ಸಡಿಲಿಸುತ್ತದೆ. ಹಿಡಿದಿಡುವುದು ಬೇರು. ನೀರು ಹರಿಯುವ ಹಳೆಯ ಜಾಡುಗಳನ್ನು ಮುಚ್ಚಿದ ಕಡೆ ಮತ್ತೆ ಆಗಬಹುದು.

ರೋಪ್‌ವೇ ಬಂದರೆ ಒಳ್ಳೆಯದಲ್ವಾ?

2023ರ ಮಾರ್ಚಿನಲ್ಲಿ ಶಂಕುಸ್ಥಾಪನೆ ಆಯಿತು, ಸುಮಾರು ಮೂರು ಕಿಲೋಮೀಟರಿನ ಯೋಜನೆ. ಕಾರು ಕೆಳಗೇ ನಿಲ್ಲುವುದಾದರೆ, ಮಂಡಿ ನೋವಿನ ಅಜ್ಜಿಯೂ ಮೇಲೆ ಬರುವುದಾದರೆ ನನಗೆ ಸಂತೋಷ. ನನ್ನ ಷರತ್ತು ಒಂದೇ: ರೋಪ್‌ವೇ ಬಂದ ಮೇಲೆ ಖಾಸಗಿ ವಾಹನ ಮೇಲಕ್ಕೆ ಹೋಗಬಾರದು. ಎರಡೂ ಇದ್ದರೆ ನೆತ್ತಿಯ ಆ ಸಣ್ಣ ಜಾಗಕ್ಕೆ ಇಮ್ಮಡಿ ಜನ, ಇಮ್ಮಡಿ ಕಸ. ನೀರನ್ನೂ ಕೆಳಗಿನಿಂದಲೇ ಏರಿಸಬೇಕು.

ಕೆಜಿಎಫ್‌ನಲ್ಲೂ ನಂದಿದುರ್ಗ ಅನ್ನೋ ಗಣಿ ಇತ್ತಲ್ಲ, ಅದಕ್ಕೂ ಬೆಟ್ಟಕ್ಕೂ ಏನು ಸಂಬಂಧ?

ಹೆಸರಿನ ಸಂಬಂಧ. ಚಾಂಪಿಯನ್ ರೀಫ್, ಉರಿಗಾಂ, ಮೈಸೂರು ಗಣಿಗಳ ಜೊತೆ ನಂದಿದುರ್ಗ ಗಣಿಯೂ ಕೋಲಾರ ಚಿನ್ನದ ಗಣಿಯ ದೊಡ್ಡ ನಾಲ್ಕರಲ್ಲಿ ಒಂದು. ಅಷ್ಟು ದೂರಕ್ಕೆ ಬೆಟ್ಟದ ಹೆಸರು ಹೋದದ್ದು ಅಚ್ಚರಿಯಲ್ಲ. ಕಬ್ಬನ್ ನಂತರ ಬಂದ ಬೌರಿಂಗ್ ಕಾಲದಲ್ಲಿ ಮೈಸೂರು ಸಂಸ್ಥಾನವನ್ನು ಮೂರು ವಿಭಾಗ ಮಾಡಿದಾಗ ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳು ಸೇರಿ 'ನಂದಿದುರ್ಗ ವಿಭಾಗ'ವಾಗಿದ್ದವು. ಒಂದು ಕಾಲಕ್ಕೆ ತುಮಕೂರಿನ ಬಯಲಿನಿಂದ ಮುಳಬಾಗಿಲಿನ ಗಡಿವರೆಗಿನ ಕಾಗದ ಪತ್ರದಲ್ಲಿ ಈ ಬೆಟ್ಟದ ಹೆಸರಿತ್ತು. ಬೆಂಗಳೂರಿನ ನಂದಿದುರ್ಗ ರಸ್ತೆ ಇಂದಿಗೂ ಇದೆ.

ತುಮಕೂರಿನ ದೇವರಾಯನದುರ್ಗವೂ ಇದೇ ಥರ ಅಲ್ವಾ? ಯಾವುದು ಚೆನ್ನ?

ಒಡಹುಟ್ಟಿದವರ ಹಾಗೆ. ಅಲ್ಲೂ ಕೋಟೆ, ಕಾಡು, ತಂಪು. ಇಲ್ಲಿ ಕೆಳಗೆ ಭೋಗನಂದಿ, ಮೇಲೆ ಯೋಗನಂದಿ. ಅಲ್ಲಿ ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಭೋಗ ಮುಗಿಸಿ ಮೆಟ್ಟಿಲು ಹತ್ತಿದರೆ ಯೋಗ ಎಂಬುದನ್ನು ನಮ್ಮ ಹಿರಿಯರು ಬೆಟ್ಟದಲ್ಲೇ ಬರೆದಿಟ್ಟಿದ್ದಾರೆ. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ಅದಕ್ಕೆ ದೇವರಾಯನದುರ್ಗ ಎಂಬ ಹೆಸರಾಯಿತು. ನಾಮದ ಚಿಲುಮೆಯ ಕಾಡು ಇನ್ನೂ ಗಟ್ಟಿಯಾಗಿದೆ, ಜನ ಕಡಿಮೆ. ತೋಟ, ಹುಲ್ಲುಹಾಸು, ಚರಿತ್ರೆಯ ಪದರ ಬೇಕಾದವರು ನಂದಿಗೆ ಬನ್ನಿ. ಕಾಡಿನ ಮೌನ ಬೇಕಾದವರು ಅಲ್ಲಿಗೆ ಹೋಗಿ.

ಮಕ್ಕಳಿಗೆ ಇಷ್ಟೆಲ್ಲ ಚರಿತ್ರೆ ಹೇಳಿದರೆ ಆಕಳಿಸ್ತಾರೆ. ಒಂದೇ ಜಾಗದಲ್ಲಿ ನಿಲ್ಲಿಸಿ ತೋರಿಸೋದಾದ್ರೆ ಎಲ್ಲಿ?

ಅಮೃತ ಸರೋವರದ ಮೆಟ್ಟಿಲ ಮೇಲೆ. ಊಟವಾದ ಮೇಲೆ ಕರೆದುಕೊಂಡು ಹೋಗಿ. ಬೆಟ್ಟದ ತುದಿಯಲ್ಲಿ ನೀರು ನಿಂತಿದೆ ಎಂಬುದೇ ಅವರಿಗೆ ಮೊದಲ ಅಚ್ಚರಿ. ಈ ಊಟೆ ನೀರು ಇಲ್ಲದಿದ್ದರೆ ಕೋಟೆಯವರು ಮೂರು ವಾರ ಹೇಗೆ ತಡೆಯುತ್ತಿದ್ದರು ಎಂದು ಅವರನ್ನೇ ಕೇಳಿ. ಆಮೇಲೆ ಟಿಪ್ಪುವಿನ ಮನೆ ತೋರಿಸಿ, ಕೋಟೆಯ ಗೋಡೆ ತೋರಿಸಿ. ತೆಳ್ಳಗೆ ಸಿಪ್ಪೆ ಸುಲಿಯುತ್ತಿರುವ ಒಂದು ಹಳೆಯ ನೀಲಗಿರಿ ಮರ ಹುಡುಕಿ, ಕೆಳಗೆ ಬಿದ್ದ ಎಲೆಯನ್ನು ಅಂಗೈಯಲ್ಲಿ ಉಜ್ಜಿ ಮೂಸಲು ಕೊಡಿ. ನನ್ನ ಮೊಮ್ಮಗಳು ಹಾಗೆ ಮೂಸಿ, "ತಾತ, ಇದು ನೆಗಡಿ ಔಷಧಿ ವಾಸನೆ" ಅಂದಳು. ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ ಹೋಗುವವರೆಗೂ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದಳು.